ಇಂಟೆಲ್ ಎಎಕ್ಸ್210 ವೈಫೈ ಕಾರ್ಡ್: ಕೊಳ್ಳುವ ಮುಂಚೆ ತಪ್ಪು ಯಾರದ್ದು ಅಂತ ನೋಡಿಕೊಳ್ಳಿ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್ ಒಳಗೆ ಕೂರುವ ಈ ವೈಫೈ ಕಾರ್ಡ್ ಚೆನ್ನಾಗಿದೆ. ಹಾಕಿ ಎರಡು ತಿಂಗಳ ಮೇಲಾಯಿತು, ಅದರ ತಪ್ಪಿನಿಂದ ವೈಫೈ ಒಂದು ಸಲವೂ ಬಿಟ್ಟುಹೋಗಿಲ್ಲ. ಐದಕ್ಕೆ ನಾಲ್ಕು ಸ್ಟಾರ್. ಆದರೆ ನನ್ನ ಲ್ಯಾಪ್‌ಟಾಪ್‌ಗೆ ಇದ್ದದ್ದು ಒಂದೇ ಕಾಯಿಲೆ ಅಲ್ಲ, ಮೂರು. ಕಾರ್ಡ್ ವಾಸಿ ಮಾಡಿದ್ದು ಅದರಲ್ಲಿ ಒಂದನ್ನು. ಉಳಿದ ಎರಡು ಬಿಡಿಗಾಸು ಖರ್ಚಿಲ್ಲದೆ, ಎರಡು ಸೆಟ್ಟಿಂಗ್ ಬದಲಾಯಿಸಿದ್ದಕ್ಕೇ ಹೋದವು. ಅದು ಗೊತ್ತಿಲ್ಲದೆ ಮೊದಲ ದಿನವೇ ಕಾರ್ಡ್ ತರಿಸಿ ಹಾಕಿದ್ದರೆ, "ದುಡ್ಡು ದಂಡ, ಹೊಸ ಕಾರ್ಡಲ್ಲೂ ಅದೇ ಗೋಳು" ಅಂತ ಒಂದು ಸ್ಟಾರ್ ಕೊಟ್ಟು ಹೋಗಿರುತ್ತಿದ್ದೆ. ಅಂಥ ವಿಮರ್ಶೆಗಳನ್ನು ನೀವೂ ಓದಿರುತ್ತೀರಿ. ಅವುಗಳಲ್ಲಿ ಎಷ್ಟೋ ಮಂದಿ ಬೈದಿರುವುದು ಕಾರ್ಡನ್ನು, ತಪ್ಪು ಮಾತ್ರ ರೌಟರ್‌ನದ್ದು ಅಂತ ಈಗ ಅನ್ನಿಸುತ್ತದೆ.

ಹಾಗಾಗಿ ಇದು ಸ್ವಲ್ಪ ಉದ್ದದ ವಿಮರ್ಶೆ. ಕಾರ್ಡಿನ ವಿಷಯ ಮಾತ್ರ ಬೇಕು ಅನ್ನುವವರು ಅರ್ಧ ದಾಟಿ ಕೆಳಗೆ ಹೋಗಿ, ಬೇಜಾರಿಲ್ಲ. ಆದರೆ ನಿಮ್ಮ ಲ್ಯಾಪ್‌ಟಾಪೂ ಮನೆಯ ವೈಫೈ ಬಿಡುತ್ತಾ ಇದ್ದರೆ ಮೇಲಿನ ಅರ್ಧವೇ ನಿಮಗೆ ಜಾಸ್ತಿ ಉಪಯೋಗ.

ನನ್ನ ಲ್ಯಾಪ್‌ಟಾಪ್‌ಗೆ ನಾಲ್ಕು ವರ್ಷ. ಯಾವ ಕಂಪನಿಯದ್ದು ಅಂತ ಹೇಳುವುದಿಲ್ಲ, ಅದರಿಂದ ಏನೂ ಆಗಬೇಕಿಲ್ಲ. ಮೊದಮೊದಲು ದಿನಕ್ಕೊಂದು ಸಲ ವೈಫೈ ಹೋಗುತ್ತಿತ್ತು, ತಾನೇ ಬರುತ್ತಿತ್ತು. ಆಮೇಲಾಮೇಲೆ ದಿನಕ್ಕೆ ಆರೇಳು ಸಲ. ಕೆಲವೊಮ್ಮೆ ತಾನೇ ಬರುತ್ತಿತ್ತು, ಕೆಲವೊಮ್ಮೆ ಏರೋಪ್ಲೇನ್ ಮೋಡ್ ಹಾಕಿ ತೆಗೆಯಬೇಕಿತ್ತು, ಇನ್ನು ಕೆಲವೊಮ್ಮೆ ರೀಸ್ಟಾರ್ಟ್ ಮಾಡದೆ ಜಪ್ಪಯ್ಯ ಅಂದರೂ ಬರುತ್ತಿರಲಿಲ್ಲ. ಈ ಮೂರು ಬಗೆಗೆ ಮೂರು ಬೇರೆ ಕಾರಣ ಇರಬಹುದು ಅಂತ ಆಗ ಹೊಳೆಯಲೇ ಇಲ್ಲ. ಎಲ್ಲವೂ ಒಂದೇ ಹಾಳು ವೈಫೈ ಅಂದುಕೊಂಡು ಎಲ್ಲರೂ ಮಾಡುವುದನ್ನೇ ಮಾಡಿದೆ. ರೌಟರ್ ಆಫ್ ಮಾಡಿ ಆನ್ ಮಾಡಿದೆ. ನೆಟ್‌ವರ್ಕ್ ಫರ್ಗೆಟ್ ಮಾಡಿ ಮತ್ತೆ ಪಾಸ್‌ವರ್ಡ್ ಹಾಕಿದೆ. ನೆಟ್‌ವರ್ಕ್ ರೀಸೆಟ್ ಅಂತ ಇರುತ್ತಲ್ಲ, ಅದನ್ನೂ ಒತ್ತಿದೆ. ಇಂಟರ್ನೆಟ್ ಕೊಡುವವರಿಗೆ ಫೋನ್ ಮಾಡಿದೆ, ಅವರು ರೌಟರ್ ಆಫ್ ಮಾಡಿ ಆನ್ ಮಾಡಿ ಅಂದರು.

ಇಲ್ಲಿ ನಾನು ಮಾಡಿದ ದೊಡ್ಡ ತಪ್ಪು ಹೇಳುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ ನೆಟ್ ಹೋದಾಗಲೆಲ್ಲ ಫೋನ್ ನೋಡುತ್ತಿದ್ದೆ. ಫೋನಿನಲ್ಲಿ ಎಲ್ಲ ಚೆನ್ನಾಗಿ ಓಡುತ್ತಿತ್ತು. ಸರಿ, ರೌಟರ್ ಸರಿಯಾಗಿದೆ, ಲೈನ್ ಸರಿಯಾಗಿದೆ, ತಪ್ಪೆಲ್ಲ ಲ್ಯಾಪ್‌ಟಾಪ್‌ನದ್ದೇ ಅಂತ ತೀರ್ಮಾನ ಮಾಡಿಬಿಟ್ಟೆ. ತಿಂಗಳುಗಟ್ಟಲೆ ಹಾಗೇ ನಂಬಿದ್ದೆ. ಆಮೇಲೆ ಒಂದು ದಿನ ನೋಡಿದರೆ, ವೈಫೈ ಹೋದ ಕ್ಷಣವೇ ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಾರಿಕೊಳ್ಳುತ್ತಿತ್ತು! ಮೇಲೆ ಮೂಲೆಯಲ್ಲಿ ಆ ಪುಟ್ಟ ಬೀಸಣಿಗೆ ಗುರುತು ಹೋಗಿ ಸಿಮ್ ಗುರುತು ಬರುತ್ತದೆ, ಅಷ್ಟೇ. ಯಾರು ನೋಡುತ್ತಾರೆ? ಸಾಕ್ಷಿ ಹೇಳಲು ಕರೆದವನೇ ಪಕ್ಕದ ಮನೆಗೆ ಹೋಗಿ ಕೂತಿದ್ದ ಹಾಗೆ. ಆದ್ದರಿಂದ ಮೊದಲ ಕೆಲಸ: ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಆಮೇಲೆ ಅದರ ಸಾಕ್ಷಿ ನಂಬಿ.

ಎರಡನೇ ಕೆಲಸ ಪಿಂಗ್ (ping), ಅಂದರೆ ಒಂದು ವಿಳಾಸಕ್ಕೆ "ಇದ್ದೀಯಾ" ಅಂತ ಕೂಗಿ ಉತ್ತರ ಬರುತ್ತಾ ಅಂತ ನೋಡುವುದು. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡುವ ಕಿಟಕಿ) ಎರಡು ತೆಗೆದು ಅಕ್ಕಪಕ್ಕ ಇಟ್ಟುಕೊಳ್ಳಿ. ಒಂದರಲ್ಲಿ ರೌಟರ್‌ನ ವಿಳಾಸಕ್ಕೆ ಪಿಂಗ್ ಮಾಡಿ, ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ, ಐಪಿಕಾನ್ಫಿಗ್ (ipconfig) ಕೊಟ್ಟರೆ ಡಿಫಾಲ್ಟ್ ಗೇಟ್‌ವೇ ಅಂತ ತೋರಿಸುತ್ತದೆ. ಇನ್ನೊಂದರಲ್ಲಿ ಹೊರಗಿನ ಯಾವುದಾದರೂ ವಿಳಾಸಕ್ಕೆ, ನಾನು 8.8.8.8 ಹಾಕಿದ್ದೆ. ಕೊನೆಗೆ ಒಂದು ಅಡ್ಡಗೆರೆ ಹಾಕಿ ಟಿ ಅಕ್ಷರ (-t) ಸೇರಿಸಿದರೆ ನಿಲ್ಲದೆ ಓಡುತ್ತಾ ಇರುತ್ತದೆ. ಈಗ ನೆಟ್ ಹೋದಾಗ ಎರಡೂ ಕಿಟಕಿ ನೋಡಿ. ಎರಡೂ ನಿಂತರೆ ಲ್ಯಾಪ್‌ಟಾಪ್ ಮತ್ತು ರೌಟರ್ ಮಧ್ಯೆ ಏನೋ ಆಗಿದೆ. ರೌಟರ್ ಉತ್ತರ ಕೊಡುತ್ತಾ ಇದ್ದು ಹೊರಗಿನದು ಮಾತ್ರ ನಿಂತರೆ ವೈಫೈಗೆ ಏನೂ ಆಗಿಲ್ಲ, ಲೈನ್ ಹೋಗಿದೆ. ಇಷ್ಟು ಸುಲಭದ ಪರೀಕ್ಷೆ ಮಾಡದೆ ಎಷ್ಟು ಜನ ಹೊಸ ರೌಟರ್ ಕೊಂಡಿದ್ದಾರೋ.

ಮೂರನೆಯದು ವಿಂಡೋಸ್ ತಾನೇ ಬರೆದಿಡುವ ಡೈರಿ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು 'ನೆಟ್‌ಎಸ್‌ಎಚ್ ಡಬ್ಲ್ಯೂಲ್ಯಾನ್ ಶೋ ಡಬ್ಲ್ಯೂಲ್ಯಾನ್‌ರಿಪೋರ್ಟ್' (netsh wlan show wlanreport) ಅಂತ ಕೊಟ್ಟರೆ ಕಳೆದ ಮೂರು ದಿನದ ವರದಿ ತಯಾರಾಗುತ್ತದೆ, ಬ್ರೌಸರ್‌ನಲ್ಲಿ ತೆಗೆದು ನೋಡಬಹುದು. ಯಾವ ಗಂಟೆ, ಯಾವ ನಿಮಿಷಕ್ಕೆ ಸಂಪರ್ಕ ಹೋಯಿತು, ಯಾಕೆ ಹೋಯಿತು, ಎಲ್ಲ ಇರುತ್ತದೆ. ಯಾಕೆ ಅನ್ನುವುದು ಕೆಲವೊಮ್ಮೆ ಒಗಟಿನ ಹಾಗೆ ಇರುತ್ತದೆ, ಆದರೆ ಸಮಯ ಸಾಕು. ನಾನು ಒಂದು ವಾರ ಒಂದು ಹಾಳೆಯಲ್ಲಿ ಬರೆದುಕೊಂಡೆ: ಎಷ್ಟು ಹೊತ್ತಿಗೆ ಹೋಯಿತು, ಚಾರ್ಜರ್ ಹಾಕಿತ್ತಾ, ಫೋನೂ ಬಿಟ್ಟಿತಾ, ಹೇಗೆ ವಾಪಸ್ ಬಂತು. ವಾರದ ಕೊನೆಗೆ ಆ ಹಾಳೆ ನೋಡಿದರೆ ಮೂರು ಗುಂಪು ಕಣ್ಣಿಗೆ ಹೊಡೆಯುವ ಹಾಗೆ ಎದ್ದು ಕಂಡವು.

ಮೊದಲ ಗುಂಪು ಚಾರ್ಜರ್ ಇಲ್ಲದಾಗ ಮಾತ್ರ ಆಗುತ್ತಿದ್ದದ್ದು. ಏನೋ ಓದುತ್ತಾ ಕೂತಿರುತ್ತೇನೆ, ಐದು ಹತ್ತು ನಿಮಿಷ ನೆಟ್ ಬಳಸಿರುವುದಿಲ್ಲ, ಆಮೇಲೆ ಒಂದು ಕೊಂಡಿ ಒತ್ತಿದರೆ ನೆಟ್ ಇಲ್ಲ. ಇದು ಬ್ಯಾಟರಿ ಉಳಿಸುವ ಜಾಣತನ. ಡಿವೈಸ್ ಮ್ಯಾನೇಜರ್‌ಗೆ ಹೋಗಿ ನೆಟ್‌ವರ್ಕ್ ಅಡಾಪ್ಟರ್ ಪ್ರಾಪರ್ಟೀಸ್ ತೆಗೆದರೆ ಪವರ್ ಮ್ಯಾನೇಜ್‌ಮೆಂಟ್ ಅಂತ ಒಂದು ಟ್ಯಾಬ್ ಇರುತ್ತದೆ. ಅದರಲ್ಲಿ ವಿದ್ಯುತ್ ಉಳಿಸಲು ಈ ಡಿವೈಸನ್ನು ಆಫ್ ಮಾಡಬಹುದು ಅನ್ನುವ ಅರ್ಥದ ಟಿಕ್ ಇದೆ. ತೆಗೆದೆ. ಅಲ್ಲಿಗೆ ಆ ಗುಂಪು ಖಾಲಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಟ್ಯಾಬೇ ಕಾಣಿಸುವುದಿಲ್ಲ, ಮಾಡರ್ನ್ ಸ್ಟ್ಯಾಂಡ್‌ಬೈ ಅನ್ನುವ ಹೊಸ ಬಗೆಯ ನಿದ್ದೆ ಇರುವವುಗಳಲ್ಲಿ ಅದನ್ನು ಮುಚ್ಚಿಟ್ಟಿರುತ್ತಾರೆ, ಗಾಬರಿಯಾಗಬೇಡಿ. ಲಿನಕ್ಸ್ ಬಳಸುವವರು ನೆಟ್‌ವರ್ಕ್‌ಮ್ಯಾನೇಜರ್‌ನ ವೈಫೈ ಪವರ್‌ಸೇವ್ (wifi.powersave) ಮೌಲ್ಯವನ್ನು 2 ಮಾಡಿದರೆ ಇದೇ ಕೆಲಸ ಆಗುತ್ತದೆ, 3 ಅಂದರೆ ಉಳಿತಾಯ ಚಾಲೂ ಅಂತ. ಯಾಕೋ ಅಲ್ಲಿ 0 ಮತ್ತು 1 ಅಂತ ಸರಳವಾಗಿ ಇಟ್ಟಿಲ್ಲ.

ಎರಡನೇ ಗುಂಪು ತಮಾಷೆಯದ್ದು. ನನಗೆ ಇದರಲ್ಲೇ ಕಲಿಯಲು ಜಾಸ್ತಿ ಸಿಕ್ಕಿತು. ಇದರಲ್ಲಿ ಲ್ಯಾಪ್‌ಟಾಪ್, ಫೋನ್, ಟಿವಿ ಎಲ್ಲ ಒಟ್ಟಿಗೆ ಬಿಡುತ್ತಿದ್ದವು. ಸುಮಾರು ಒಂದು ನಿಮಿಷ ಆದ ಮೇಲೆ ಫೋನೂ ಟಿವಿಯೂ ತಾವಾಗಿ ಸೇರಿಕೊಳ್ಳುತ್ತಿದ್ದವು, ಲ್ಯಾಪ್‌ಟಾಪ್ ಮಾತ್ರ ದಿಕ್ಕು ತಪ್ಪಿದ ಹಾಗೆ ಹುಡುಕುತ್ತಾ ಕೂರುತ್ತಿತ್ತು, ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ ಮಾತ್ರ ಎಚ್ಚರವಾಗುತ್ತಿತ್ತು. ರೌಟರ್‌ನ ಸೆಟ್ಟಿಂಗ್ ಪುಟಕ್ಕೆ ಹೋಗಿ ಅದರ ಲಾಗ್, ಅಂದರೆ ಅದು ಬರೆದಿಡುವ ದಾಖಲೆ, ನೋಡಿದೆ. ಸರಿಯಾಗಿ ಅದೇ ಹೊತ್ತಿಗೆ 'ರಾಡಾರ್ ಡಿಟೆಕ್ಟೆಡ್' ಅಂತ ಬರೆದಿತ್ತು! ರಾಡಾರ್? ನಮ್ಮ ಮನೆಯಲ್ಲಿ?

ವಿಷಯ ಹೀಗಿದೆ. 5 ಗಿಗಾಹರ್ಟ್ಸ್ ವೈಫೈಯಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳು, ಅಂದರೆ ಸಿಗ್ನಲ್ ಓಡಾಡುವ ರೇಡಿಯೋ ದಾರಿಗಳು, ವೈಫೈಯ ಸ್ವಂತ ಆಸ್ತಿ ಅಲ್ಲ. ಹವಾಮಾನದ ರಾಡಾರ್ ಮತ್ತು ಬೇರೆ ರಾಡಾರ್‌ಗಳು ಅದೇ ಜಾಗದಲ್ಲಿ ಕೆಲಸ ಮಾಡುತ್ತವೆ. ಯಜಮಾನಿಕೆ ಅವುಗಳದ್ದು, ನಾವು ಬಾಡಿಗೆಗೆ ಇದ್ದ ಹಾಗೆ. ಆದ್ದರಿಂದ ಆ ಚಾನೆಲ್‌ನಲ್ಲಿ ಕೂತ ರೌಟರ್ ಸದಾ ಕಿವಿಗೊಟ್ಟು ಕೇಳುತ್ತಿರಬೇಕು, ರಾಡಾರ್ ಅನ್ನಿಸಿದ ತಕ್ಷಣ ಜಾಗ ಖಾಲಿ ಮಾಡಬೇಕು, ಬಿಟ್ಟ ಚಾನೆಲ್‌ಗೆ 30 ನಿಮಿಷ ವಾಪಸ್ ಬರಬಾರದು. ಹೊಸದಾಗಿ ಹೋದ ಚಾನೆಲೂ ಇದೇ ಗುಂಪಿನದಾದರೆ ಅಲ್ಲಿ ಬಾಯಿ ತೆರೆಯುವ ಮುಂಚೆ ಕಡಿಮೆ ಅಂದರೂ 60 ಸೆಕೆಂಡ್ ಸುಮ್ಮನೆ ಕೇಳಿಸಿಕೊಳ್ಳಬೇಕು. ನನ್ನ ಆ ಒಂದು ನಿಮಿಷದ ಲೆಕ್ಕ ಅಲ್ಲೇ ಸರಿಹೋಯಿತು. ಇದಕ್ಕೆ ಡಿಎಫ್‌ಎಸ್ ಅಂತ ಹೆಸರು. ನಿಜವಾದ ರಾಡಾರೇ ಇರಬೇಕು ಅಂತಲೂ ಇಲ್ಲ, ಇನ್ಯಾವುದೋ ಸದ್ದನ್ನು ರಾಡಾರ್ ಅಂತ ತಪ್ಪು ತಿಳಿದು ಓಡುವ ರೌಟರ್‌ಗಳೂ ಇವೆ. ನನ್ನದು ಚಾನೆಲ್ ಆಟೋ ಅಂತ ಇತ್ತು, ಅದು ಹೋಗಿ 100ರಲ್ಲಿ ಕೂತಿತ್ತು. ಆಟೋ ತೆಗೆದು 36 ಅಂತ ಹಾಕಿದೆ. 36, 40, 44, 48 ಈ ನಾಲ್ಕಕ್ಕೆ ರಾಡಾರ್ ಕಾಟ ಇಲ್ಲ. ಎರಡನೇ ಗುಂಪೂ ಹೋಯಿತು.

ಇನ್ನೊಂದು ಸಣ್ಣ ಬಲೆ ಇದೆ, ಈ ಕಾರ್ಡ್ ಕೊಳ್ಳುವವರೇ ಅದರಲ್ಲಿ ಬೀಳುವುದು ಜಾಸ್ತಿ. ಎಎಕ್ಸ್210 ಕಾರ್ಡ್‌ಗೆ 160 ಮೆಗಾಹರ್ಟ್ಸ್ ಅಗಲದ ಚಾನೆಲ್ ಬಳಸುವ ಶಕ್ತಿ ಇದೆ. ಅದನ್ನು ಓದಿ ಖುಷಿಯಾಗಿ, ರೌಟರ್‌ನಲ್ಲೂ ಆ ಸೌಲಭ್ಯ ಇದ್ದರೆ, 160 ಅಂತ ಹಾಕಿಬಿಡುತ್ತಾರೆ. 36ರಿಂದ ಶುರುವಾಗುವ 160 ಮೆಗಾಹರ್ಟ್ಸ್ ಚಾನೆಲ್ 64ರವರೆಗೆ ಚಾಚಿಕೊಳ್ಳುತ್ತದೆ. ಅಂದರೆ ಅದರ ಅರ್ಧ ಭಾಗ ರಾಡಾರ್ ಜಾಗದಲ್ಲೇ ಇರುತ್ತದೆ. ಹೊಸ ಕಾರ್ಡ್ ಹಾಕಿದ ಮೇಲೆ ವೈಫೈ ಮುಂಚೆಗಿಂತ ಜಾಸ್ತಿ ಬಿಡುತ್ತಿದೆ ಅನ್ನುವವರು ಮೊದಲು ಇದನ್ನು 80ಕ್ಕೆ ಇಳಿಸಿ ನೋಡಿ.

2.4 ಗಿಗಾಹರ್ಟ್ಸ್ ಬಗ್ಗೆ ಎರಡೇ ಮಾತು. 1, 6, 11 ಈ ಮೂರರಲ್ಲಿ ಒಂದು ಚಾನೆಲ್ ಹಿಡಿದುಕೊಳ್ಳಿ, ಮಿಕ್ಕವು ಒಂದರ ಮೇಲೊಂದು ಹೇರಿಕೊಂಡಿರುತ್ತವೆ. ಮತ್ತೆ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಏನಾದರೂ ಲ್ಯಾಪ್‌ಟಾಪ್ ಪಕ್ಕದಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ದೂರ ಇಡಿ. ಅದರ ಕೇಬಲ್ಲು, ಕನೆಕ್ಟರ್ರು 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತವೆ ಅಂತ ಇಂಟೆಲ್‌ನವರೇ 2012ರಲ್ಲಿ ಅಳೆದು ಬರೆದಿದ್ದಾರೆ. ಬ್ಯಾಕಪ್ ತೆಗೆಯುವಾಗಲೆಲ್ಲ ವೈಫೈ ಕುಂಟಿದರೆ ಅದು ಕಾಕತಾಳೀಯ ಅಲ್ಲ.

ಈಗ ಮೂರನೇ ಗುಂಪು. ಕಾರ್ಡ್ ಕೊಂಡಿದ್ದು ಇದಕ್ಕೆ. ಇದರಲ್ಲಿ ಸಿಗ್ನಲ್ ಹೋಗುತ್ತಿರಲಿಲ್ಲ, ವೈಫೈ ಅನ್ನುವುದೇ ಲ್ಯಾಪ್‌ಟಾಪ್‌ನಿಂದ ಮಾಯವಾಗುತ್ತಿತ್ತು. ಮೂಲೆಯಲ್ಲಿ ವೈಫೈ ಗುರುತಿನ ಬದಲು ಗೋಲದ ಗುರುತು. ಆನ್ ಮಾಡುವ ಬಟನ್ನೇ ಇಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ, ಈ ಡಿವೈಸ್ ಶುರುವಾಗುತ್ತಿಲ್ಲ, ಕೋಡ್ 10. ಒಂದೆರಡು ಸಲ ಅಡಾಪ್ಟರ್ ಪಟ್ಟಿಯಲ್ಲೇ ಇರಲಿಲ್ಲ. ಚಾರ್ಜರ್ ಇದ್ದರೂ ಹೀಗೇ, ಇಲ್ಲದಿದ್ದರೂ ಹೀಗೇ. ಲ್ಯಾಪ್‌ಟಾಪ್ ಬಿಸಿಯಾದಾಗ ಜಾಸ್ತಿ.

ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಹೊಸದು ಹಾಕಿದೆ, ಹಳೆಯದಕ್ಕೆ ವಾಪಸ್ ಹೋದೆ, ತೆಗೆದು ಮತ್ತೆ ಹಾಕಿದೆ. ಆಗ ಒಂದು ವಿಚಿತ್ರ ಗಮನಿಸಿದೆ. ಶಟ್‌ಡೌನ್ ಮಾಡಿ ಆನ್ ಮಾಡಿದರೆ ಕಾರ್ಡ್ ಬರುತ್ತಿರಲಿಲ್ಲ, ರೀಸ್ಟಾರ್ಟ್ ಮಾಡಿದರೆ ಬರುತ್ತಿತ್ತು. ತಲೆಕೆಳಗಾಗಿದೆಯಲ್ಲ ಅನ್ನಿಸಿತು. ಆದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಅನ್ನುವುದು ಪೂರ್ತಿ ಶಟ್‌ಡೌನ್ ಅಲ್ಲ, ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಎದ್ದಾಗ ಅದೇ ಹಳೆಯ ಸ್ಥಿತಿ ವಾಪಸ್ ತರುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲ ಹೊಸದಾಗಿ ಶುರು. ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಕೊಟ್ಟರೂ ಪೂರ್ತಿ ಆಫ್ ಆಗುತ್ತದೆ. ಫಾಸ್ಟ್ ಸ್ಟಾರ್ಟಪ್ ತೆಗೆದುಹಾಕಿದೆ. ಮಾಯವಾಗುವುದು ಕಡಿಮೆಯಾಯಿತು, ನಿಲ್ಲಲಿಲ್ಲ.

ಕೊನೆಗೆ ಗೆಳೆಯನ ಹತ್ತಿರ ಒಂದು ಪುಟ್ಟ ಯುಎಸ್‌ಬಿ ವೈಫೈ ಡಾಂಗಲ್ ಎರವಲು ತಂದೆ. ಒಳಗಿನ ಕಾರ್ಡನ್ನು ಡಿಸೇಬಲ್ ಮಾಡಿ ನಾಲ್ಕು ದಿನ ಅದರಲ್ಲೇ ಕೆಲಸ ಮಾಡಿದೆ. ಒಂದು ಸಲವೂ ಹೋಗಲಿಲ್ಲ. ಅದೇ ಲ್ಯಾಪ್‌ಟಾಪ್, ಅದೇ ವಿಂಡೋಸ್, ಅದೇ ರೌಟರ್, ಅದೇ ಜಾಗ. ಬದಲಾಗಿದ್ದು ಕಾರ್ಡ್ ಒಂದೇ. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ ಅಲ್ವಾ? ನನ್ನ ಮಟ್ಟಿಗೆ ಈ ಎರವಲು ಡಾಂಗಲ್ ಪರೀಕ್ಷೆ ಮಾಡದೆ ಯಾರೂ ಕಾರ್ಡ್ ಕೊಳ್ಳಬಾರದು.

ಹಾಗಾದರೆ ಡಾಂಗಲ್ಲನ್ನೇ ಕೊಳ್ಳಬಹುದಿತ್ತಲ್ಲ ಅಂತ ಕೇಳುತ್ತೀರಿ. ಕೊಳ್ಳಬಹುದು. ಲ್ಯಾಪ್‌ಟಾಪ್ ಬಿಚ್ಚಲು ಭಯ ಇದ್ದರೆ ಅದೇ ಸರಿ. ನನಗೆ ಬೇಡವಾಗಿದ್ದು ಎರಡು ಕಾರಣಕ್ಕೆ. ಇರುವುದೇ ಎರಡು ಯುಎಸ್‌ಬಿ ಪೋರ್ಟ್, ಒಂದು ಖಾಯಂ ಹೋಗುತ್ತದೆ. ಮತ್ತೆ ಬ್ಲೂಟೂತ್ ಇದ್ದದ್ದು ಅದೇ ಹಳೆಯ ಕಾರ್ಡಿನಲ್ಲಿ, ಅದು ಮಾಯವಾದಾಗ ಮೌಸೂ ಹೆಡ್‌ಫೋನೂ ಜೊತೆಗೇ ಸಾಯುತ್ತಿದ್ದವು.

ಕಾರ್ಡಿನ ಆಯ್ಕೆಯಲ್ಲಿ ಎಡವುವ ಜಾಗ ಒಂದೇ, ಆದರೆ ದೊಡ್ಡದು. ಎಎಕ್ಸ್210 ಅಂತ ಒಂದು ಇದೆ, ಎಎಕ್ಸ್211 ಅಂತ ಇನ್ನೊಂದು. ದೊಡ್ಡ ಸಂಖ್ಯೆ ಅಂದರೆ ಹೊಸದು, ಒಳ್ಳೆಯದು ಅಂದುಕೊಂಡು 211 ತರಿಸಬೇಡಿ. 211ರಲ್ಲಿ ವೈಫೈ ಕೆಲಸದ ಒಂದು ಭಾಗ ಕಾರ್ಡಿನಲ್ಲಿ ಇರುವುದೇ ಇಲ್ಲ, ಅದು ಇಂಟೆಲ್ ಪ್ರೊಸೆಸರ್ ಕಡೆ ಇರುತ್ತದೆ. ಸಿಎನ್‌ವಿಐಒ2 ಅನ್ನುವ ಆ ಜೋಡಣೆ ಇರುವ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಅದು ಓಡುತ್ತದೆ. ಬೇರೆಯದರಲ್ಲಿ ಹಾಕಿದರೆ ಸುಮ್ನೆ ಒಂದು ತಗಡಿನ ತುಂಡು. 210 ಮಾಮೂಲಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್, ಎಎಂಡಿ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ. ಅಳತೆ ಎಂ.2 2230, ಅಂದರೆ 22 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದ. ನಿಮ್ಮ ಲ್ಯಾಪ್‌ಟಾಪ್‌ನ ಕೆಳಮೈ ಬಿಚ್ಚಿ ಒಳಗಿರುವುದು ಈ ಅಳತೆಯದ್ದಾ ಅಂತ ಮೊದಲು ನೋಡಿ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕಾರ್ಡನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅಲ್ಲಿಗೆ ಕಥೆ ಮುಗಿಯಿತು, ಡಾಂಗಲ್ಲೇ ಗತಿ. ಇನ್ನು ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬಯಾಸ್ (ಆನ್ ಮಾಡಿದಾಗ ಮೊದಲು ಏಳುವ ಒಳಗಿನ ಪ್ರೋಗ್ರಾಂ) ತನ್ನ ಪಟ್ಟಿಯಲ್ಲಿ ಇಲ್ಲದ ಕಾರ್ಡ್ ಕಂಡರೆ ಬೂಟ್ ಆಗುವುದಕ್ಕೇ ಒಪ್ಪುವುದಿಲ್ಲ. ನಿಮ್ಮ ಮಾಡೆಲ್‌ಗೆ ಬೇರೆ ಯಾರಾದರೂ ಹಾಕಿ ನೋಡಿದ್ದಾರಾ ಅಂತ ಹುಡುಕಿ, ಆಮೇಲೆ ತರಿಸಿ. ವಿಂಡೋಸ್ 7 ಇಟ್ಟುಕೊಂಡಿರುವವರು ಆಸೆ ಬಿಡಿ, ಇದಕ್ಕೆ 64 ಬಿಟ್‌ನ ವಿಂಡೋಸ್ 10 ಅಥವಾ 11 ಬೇಕು. ಲಿನಕ್ಸ್‌ನಲ್ಲಿ ಕರ್ನಲ್ 5.10 ಅಥವಾ ಆಮೇಲಿನದು ಇದ್ದರೆ ಸಾಕು.

ಹಾಕುವ ಮುಂಚೆ ಒಂದು ಕೆಲಸ ಮರೆಯಬೇಡಿ. ಡ್ರೈವರ್ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಹೊಸ ಕಾರ್ಡಿಗೆ ವಿಂಡೋಸ್ ಹತ್ತಿರ ಡ್ರೈವರ್ ಇಲ್ಲದಿದ್ದರೆ ನೆಟ್ ಬರುವುದಿಲ್ಲ, ನೆಟ್ ಇಲ್ಲದೆ ಡ್ರೈವರ್ ಬರುವುದಿಲ್ಲ. ಬೀಗದ ಕೈ ಒಳಗಿಟ್ಟು ಬಾಗಿಲು ಹಾಕಿಕೊಂಡ ಹಾಗೆ.

ಬಿಚ್ಚುವುದು ಕಷ್ಟ ಅಲ್ಲ. ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ತಳದ ಸ್ಕ್ರೂ ಬಿಚ್ಚಿ, ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆಯಿರಿ. ಕಾರ್ಡನ್ನು ಹಿಡಿದಿರುವುದು ಒಂದೇ ಒಂದು ಸ್ಕ್ರೂ. ಅದನ್ನು ತೆಗೆದರೆ ಕಾರ್ಡ್ ತಾನೇ ಓರೆಯಾಗಿ ಮೇಲೇಳುತ್ತದೆ. ಕಷ್ಟ ಇರುವುದೆಲ್ಲ ಆ ಎರಡು ಆಂಟೆನಾ ವೈರ್‌ಗಳಲ್ಲಿ, ಒಂದು ಕಪ್ಪು, ಒಂದು ಬಿಳಿ. ಅವುಗಳ ತುದಿಯ ಕನೆಕ್ಟರ್ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಉಗುರಿನಿಂದ ನೇರ ಮೇಲಕ್ಕೆ ಎತ್ತಿ ತೆಗೆಯಬೇಕು, ಪಕ್ಕಕ್ಕೆ ಎಳೆದರೆ ಕಿತ್ತುಬರುತ್ತದೆ. ಹಾಕುವಾಗ ಸರಿಯಾಗಿ ಮೇಲೆ ಕೂರಿಸಿ ಒತ್ತಬೇಕು, ಟಕ್ ಅಂತ ಬೆರಳಿಗೆ ಗೊತ್ತಾಗುತ್ತದೆ. ಕೂರದೆ ಒತ್ತಿದರೆ ಅಂಚು ಚಪ್ಪಟೆಯಾಗಿ ಹಾಳು. ಹತ್ತಾರು ಸಲ ತೆಗೆದು ಹಾಕಲು ಮಾಡಿದ ವಸ್ತು ಅಲ್ಲ ಅದು. ಯಾವ ವೈರ್ ಯಾವ ಕಡೆ ಇತ್ತು ಅಂತ ಮೊದಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ನಾನು ಫೋಟೋ ತೆಗೆದಿದ್ದೆ, ಆದರೂ ಎಡವಟ್ಟು ಮಾಡಿಕೊಂಡೆ. ಎಲ್ಲ ಜೋಡಿಸಿ, ಡ್ರೈವರ್ ಹಾಕಿ, ವೈಫೈ ಬಂತು. ರೌಟರ್ ಇರುವ ಕೋಣೆಯಲ್ಲಿ ಸರಿಯಾಗೇ ಇತ್ತು. ಪಕ್ಕದ ಕೋಣೆಗೆ ಹೋದರೆ ಬಿಡಲು ಶುರು! ಆ ಐದು ನಿಮಿಷ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ವಾಪಸ್ ಕಳಿಸುವ ಅರ್ಜಿಯನ್ನೂ ತೆಗೆದು ಕೂತೆ. ಆಮೇಲೆ ಸಮಾಧಾನ ತಂದುಕೊಂಡು 'ನೆಟ್‌ಎಸ್‌ಎಚ್ ಡಬ್ಲ್ಯೂಲ್ಯಾನ್ ಶೋ ಇಂಟರ್‌ಫೇಸಸ್' (netsh wlan show interfaces) ಕೊಟ್ಟು ನೋಡಿದೆ. ಹಳೆಯ ಕಾರ್ಡಿನಲ್ಲಿ ಲಿಂಕ್ ವೇಗ, ಅಂದರೆ ಲ್ಯಾಪ್‌ಟಾಪ್ ಮತ್ತು ರೌಟರ್ ನಡುವಿನ ವೇಗ, 866 ಮೆಗಾಬಿಟ್ ಅಂತ ತೋರಿಸುತ್ತಿತ್ತು. ಈಗ 433 ಅಂತಿದೆ. ಸರಿಯಾಗಿ ಅರ್ಧ. ಅಂದರೆ ಎರಡು ಆಂಟೆನಾದಲ್ಲಿ ಒಂದೇ ಕೆಲಸ ಮಾಡುತ್ತಿದೆ. ಮತ್ತೆ ಬಿಚ್ಚಿದೆ. ಬಿಳಿ ವೈರ್ ಕೂತಿರಲೇ ಇಲ್ಲ, ಸುಮ್ನೆ ಮೇಲೆ ತಗುಲಿಕೊಂಡಿತ್ತು. ಟಕ್ ಅನ್ನಿಸಿ ಮುಚ್ಚಿದೆ, 866 ವಾಪಸ್ ಬಂತು. ಸಿಗ್ನಲ್ ದುರ್ಬಲ ಅಂತ ಕಾರ್ಡಿಗೆ ಬೈಯುವವರು ಈ ಸಂಖ್ಯೆ ಒಮ್ಮೆ ನೋಡಬೇಕು.

ಈಗ ಫಲಿತಾಂಶ. ಸಂಪರ್ಕ ಬಿಡುವುದು ನಿಂತಿದೆ, ಮಾಯವಾಗುವುದಂತೂ ಇಲ್ಲವೇ ಇಲ್ಲ. ಮುಚ್ಚಿ ತೆರೆದರೆ ಎರಡು ಮೂರು ಸೆಕೆಂಡಿನಲ್ಲಿ ಸೇರಿಕೊಳ್ಳುತ್ತದೆ. ಬ್ಲೂಟೂತ್ ಹೆಡ್‌ಫೋನ್ ಮುಂಚೆ ಆಗಾಗ ಕರಕರ ಅನ್ನುತ್ತಿತ್ತು, ಈಗ ಇಲ್ಲ.

ವೇಗ? ಒಂದು ಚೂರೂ ಹೆಚ್ಚಿಲ್ಲ. ಹೆಚ್ಚಾಗಬೇಕು ಅಂತಲೂ ಇರಲಿಲ್ಲ. ಡಬ್ಬಿಯ ಮೇಲೆ 2400 ಮೆಗಾಬಿಟ್ ಅಂತ ಇರುತ್ತದೆ. ಅದು 160 ಮೆಗಾಹರ್ಟ್ಸ್ ಅಗಲದ ವೈಫೈ 6 ರೌಟರ್ ಇದ್ದಾಗಿನ ಲೆಕ್ಕ, ಅದೂ ಲಿಂಕ್ ವೇಗ, ಕೈಗೆ ಸಿಗುವ ವೇಗ ಅದಕ್ಕಿಂತ ಎಷ್ಟೋ ಕಡಿಮೆ. ನನ್ನ ರೌಟರ್ ವೈಫೈ 5. ಅದಕ್ಕೆ ಗೊತ್ತಿರುವುದು 866, ಹೊಸ ಕಾರ್ಡ್ ಬಂದರೂ 866. ವೈಫೈ 6ಇ, 6 ಗಿಗಾಹರ್ಟ್ಸ್ ಅಂತ ದೊಡ್ಡದಾಗಿ ಬರೆದಿರುವುದೂ ಹಾಗೆಯೇ. ಅದಕ್ಕೆ ಅಂಥದ್ದೇ ರೌಟರ್ ಬೇಕು, ವಿಂಡೋಸ್ 11 ಬೇಕು, ನಿಮ್ಮ ದೇಶದಲ್ಲಿ ಆ ಬ್ಯಾಂಡ್ ಬಳಸಲು ಅನುಮತಿಯೂ ಇರಬೇಕು. ವ್ಯಾಪ್ತಿಯೂ ಅಷ್ಟೇ. ಆಂಟೆನಾ ಇರುವುದು ಲ್ಯಾಪ್‌ಟಾಪ್‌ನ ಮೈಯಲ್ಲಿ, ಬಹಳಷ್ಟರಲ್ಲಿ ಪರದೆಯ ಸುತ್ತ. ಕಾರ್ಡ್ ಬದಲಾದರೂ ಅವು ಹಳೆಯವೇ. ಕೊನೆಯ ಕೋಣೆಯಲ್ಲಿ ಮುಂಚೆ ಸಿಗ್ನಲ್ ಸಿಗದಿದ್ದರೆ ಈಗಲೂ ಸಿಗುವುದಿಲ್ಲ. ಸಿಗ್ನಲ್ ಮೈನಸ್ 67 ಡಿಬಿಎಂಗಿಂತ (ಸಿಗ್ನಲ್ ಬಲದ ಅಳತೆ) ಕೆಳಗೆ ಹೋದರೆ ವಿಡಿಯೋ ಕಾಲ್ ತಡವರಿಸಲು ಶುರು, ಮೈನಸ್ 80ರ ಹತ್ತಿರ ಯಾವ ಕಾರ್ಡೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಅಂಥವರು ಕಾರ್ಡ್ ಬಿಡಿ, ರೌಟರನ್ನು ಮನೆಯ ನಡುವೆ ಎತ್ತರದ ಜಾಗಕ್ಕೆ ತನ್ನಿ.

ಒಂದು ಸೆಟ್ಟಿಂಗ್ ಮಾತ್ರ ನಾನು ಮುಟ್ಟಿದ್ದೇನೆ. ಕಾರ್ಡಿನ ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ರೋಮಿಂಗ್ ಅಗ್ರೆಸಿವ್‌ನೆಸ್ ಅಂತ ಒಂದಿದೆ, 1ರಿಂದ 5ರವರೆಗೆ. ಮನೆಯಲ್ಲಿ ಒಂದಕ್ಕಿಂತ ಜಾಸ್ತಿ ರೌಟರ್ ಅಥವಾ ಎಕ್ಸ್‌ಟೆಂಡರ್ ಇದ್ದರೆ, ಇನ್ನೂ ಒಳ್ಳೆಯ ಸಿಗ್ನಲ್ ಇದೆಯಾ ಅಂತ ಕಾರ್ಡ್ ಎಷ್ಟು ಆತುರದಿಂದ ಹುಡುಕಬೇಕು ಅನ್ನುವುದು ಅದು. ನನ್ನ ಮನೆಯಲ್ಲಿ ಒಂದೇ ರೌಟರ್, ಹುಡುಕಿ ಆಗಬೇಕಾದ್ದೇನು? 1ಕ್ಕೆ ಇಳಿಸಿದ್ದೇನೆ.

ಒಂದು ಸ್ಟಾರ್ ಕತ್ತರಿಸಿದ್ದು ಆ ವೈರ್‌ಗಳಿಗೆ. ಈ ಅಳತೆಯ ಕಾರ್ಡ್‌ಗಳೆಲ್ಲ ಹಾಗೇ ಇರುತ್ತವೆ, ಇದೊಂದರದ್ದೇ ದೋಷ ಅಲ್ಲ, ಗೊತ್ತು. ಆದರೂ ಕೈ ನಡುಗುವವರು, ಕಣ್ಣು ಸ್ವಲ್ಪ ಮಂದ ಇರುವವರು ಇದನ್ನು ಮನೆಯಲ್ಲಿ ಕೂತು ಹಾಕಿಕೊಳ್ಳಿ ಅಂತ ನಾನು ಹೇಳಲಾರೆ. ರಿಪೇರಿಯವರ ಹತ್ತಿರ ಕೊಟ್ಟರೆ ಹತ್ತು ನಿಮಿಷದ ಕೆಲಸ. ಕೊಟ್ಟು ವಾಪಸ್ ಪಡೆಯುವಾಗ ಲಿಂಕ್ ವೇಗದ ಆ ಸಂಖ್ಯೆ ಅಲ್ಲೇ ನೋಡಿಕೊಂಡು ಬನ್ನಿ.

ಮೊನ್ನೆ ಒಂದು ಮೀಟಿಂಗ್ ನಡುವೆ ಮತ್ತೆ ಎಲ್ಲ ನಿಂತಿತು. ಎದೆ ಧಸಕ್ ಅಂತು. ಆದರೆ ಪಿಂಗ್ ಕಿಟಕಿ ಎರಡೂ ತೆರೆದಿಡುವ ಚಟ ಇನ್ನೂ ಬಿಟ್ಟಿಲ್ಲ ನೋಡಿ. 192.168.1.1 ಎರಡು ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುತ್ತಲೇ ಇತ್ತು, 8.8.8.8 ಮಾತ್ರ ನಿಂತಿತ್ತು. ಲೈನ್ ಹೋಗಿದೆ. ಲ್ಯಾಪ್‌ಟಾಪ್ ಮುಟ್ಟಲಿಲ್ಲ, ರೌಟರ್ ಮುಟ್ಟಲಿಲ್ಲ, ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು ಮೀಟಿಂಗ್ ಮುಗಿಸಿದೆ.